ಕೆನ್ನೆಯ ಸಾಕ್ಷಿ

ಕ್ಲೆಬರ್ನ್, ಹೊಳೆದಂಡೆಯ ಮನೆ
ಸಂತ ಯಾಕೋಬರ ಹಬ್ಬದ ಮರುದಿನ, ೧೧೬೩

ನನ್ನ ಸೆರ್ಲೊ, ನನ್ನ ಕಂದಾ,

ಹೇಗಿದ್ದೀಯ? ಮೊದಲು ಅದನ್ನು ಹೇಳು, ಉಳಿದದ್ದೆಲ್ಲ ಆಮೇಲೆ. ಚಳಿಗಾಲದಲ್ಲಿ ಎದೆ ಕಟ್ಟುವುದು ಈಗಲೂ ಇದೆಯೇ, ಅಥವಾ ಆ ದಕ್ಷಿಣದ ಬಿಸಿಲಿಗೆ ಹೆದರಿ ಓಡಿಹೋಯಿತೇ? ಬಾರಿ ಪಟ್ಟಣದ ಸಂತ ನಿಕೊಲಾಸರ ಗೋರಿಗೆ ಹೋಗಿ ಬಂದ ಯಾತ್ರಿಕನೊಬ್ಬ ಹಿಂದೊಮ್ಮೆ ನಮ್ಮಲ್ಲಿ ಊಟಕ್ಕೆ ನಿಂತಿದ್ದ. ಅಪೂಲಿಯದಲ್ಲಿ ಸೆರ್ಲೊ ಎಂಬ ನಾರ್ಮನ್ ಸವಾರನನ್ನು ಕಂಡೆ, ಎಡಗೈಯಲ್ಲಿ ಉಣ್ಣುತ್ತಾನೆ, ನಗುವುದು ಕಡಿಮೆ ಎಂದ. ಅಷ್ಟು ಸಾಕಾಯಿತು ನನಗೆ, ಅವನು ನೀನೇ ಎಂದು ತಿಳಿಯಿತು. ಮದುವೆಯಾಗಿದೆಯಂತೆ, ಒಂದು ಹೆಣ್ಣುಮಗುವೂ ಇದೆಯಂತೆ. ನಿಜವಾದರೆ ಅವಳಿಗೇನು ಹೆಸರಿಟ್ಟೆ? ಸುಳ್ಳಾದರೆ ಸುಳ್ಳು ಎಂದಾದರೂ ಒಂದು ಸಾಲು ಬರೆಯಬಾರದೇ? ಆ ಯಾತ್ರಿಕನಿಗೆ ಹಾವುಮೀನು ತುಂಬಿದ ರೊಟ್ಟಿಯನ್ನು ಹೊಟ್ಟೆ ಬಿರಿಯುವಷ್ಟು ತಿನ್ನಿಸಿದೆ, ಇನ್ನೂ ಏನಾದರೂ ನೆನಪಾದೀತು ಎಂದು. ಪುಣ್ಯಾತ್ಮ ಎಲ್ಲ ತಿಂದ, ನೆನಪು ಮಾತ್ರ ಮಾಡಿಕೊಳ್ಳಲಿಲ್ಲ.

ನನ್ನ ವಿಷಯ ಕೇಳುವುದಾದರೆ, ಹಲ್ಲು ಕೆಲವು ಹೋಗಿವೆ, ಮಂಡಿಗಳು ಹೋಗುವ ಹಾದಿಯಲ್ಲಿವೆ. ಪ್ರಾರ್ಥನೆಗೆಂದು ಮಂಡಿಯೂರಿದರೆ ಏಳಲು ನಿನ್ನ ದಾದಿ ಗುನ್ನಿಲ್ಡಳ ಕೈ ಬೇಕು, ಅವಳು ಏಳಲು ನನ್ನ ಕೈ ಬೇಕು. ಹೀಗಾಗಿ ಒಬ್ಬರು ಪ್ರಾರ್ಥಿಸುವಾಗ ಇನ್ನೊಬ್ಬರು ನಿಂತೇ ಇರುತ್ತೇವೆ. ಅವಳು ಗಟ್ಟಿಯಾಗಿದ್ದಾಳೆ, ಕಿವಿ ಮಂದವಾಗಿದೆ, ಬಾಯಿ ಮಂದವಾಗಿಲ್ಲ. ಇದನ್ನು ಬರೆಯುತ್ತಿರುವವರು ನಮ್ಮ ಪಾದ್ರಿ ಓಸ್ಬರ್ನರು. ಚಿಕ್ಕಂದಿನಲ್ಲಿ ನಾನು ನಾರ್ಮಂಡಿಯಲ್ಲಿ ಸನ್ಯಾಸಿನಿಯರ ಬಳಿ ಅಕ್ಷರ ಕಲಿತವಳೇ, ಆದರೆ ಈಗ ಬೆರಳು ಸೊಟ್ಟಗಾಗಿ ಬರೆಯುವ ಗರಿ ಕೈಯಲ್ಲಿ ನಿಲ್ಲುವುದಿಲ್ಲ. ನಾನು ಹೇಳುತ್ತಾ ಹೋಗುತ್ತೇನೆ, ಅವರು ನಿಟ್ಟುಸಿರು ಬಿಡುತ್ತಾ ಬರೆಯುತ್ತಾರೆ. ಲ್ಯಾಟಿನ್ ಬೇಡ, ನಮ್ಮ ಮನೆಮಾತಿನಲ್ಲೇ ಬರೆಯಿರಿ ಎಂದು ಹಟ ಹಿಡಿದಿದ್ದೇನೆ. ಅಲ್ಲಿ ಯಾರಾದರೂ ಓದಿ ಹೇಳಿದಾಗ ನಿನಗೆ ನನ್ನ ದನಿ ಕೇಳಬೇಕು. "ಅಮ್ಮಾವ್ರೇ, ಇಲ್ಲೊಂದು ದೇವರ ವಾಕ್ಯ ಹಾಕ್ಲಾ?" ಎಂದು ಈಗಷ್ಟೇ ಕೇಳಿದರು. ಬೇಡ ಎಂದೆ. ದೇವರ ವಾಕ್ಯವನ್ನು ನಿನಗೆ ಅಲ್ಲಿಯ ಪಾದ್ರಿಗಳೂ ಹೇಳಿಯಾರು, ನನ್ನ ಮಂಡಿಯ ಕಥೆಯನ್ನು ಅವರು ಹೇಳುವುದಿಲ್ಲ.

ಹೋದ ಚಳಿಗಾಲದಲ್ಲಿ ದ್ರಾಕ್ಷಾರಸದ ವ್ಯಾಪಾರಿಯೊಬ್ಬನ ಕೈಯಲ್ಲಿ ಕಳಿಸಿದ ಪತ್ರ ನಿನಗೆ ತಲುಪಿತೋ, ಸಮುದ್ರಕ್ಕೆ ಬಿತ್ತೋ ತಿಳಿಯದು. ಆದ್ದರಿಂದ ಮತ್ತೆ ಹೇಳುತ್ತೇನೆ, ಗಟ್ಟಿಮನಸ್ಸು ಮಾಡಿಕೊಂಡು ಕೇಳು. ನಿಮ್ಮಪ್ಪ ತೀರಿಹೋದರು. ಹೋದ ಕ್ರಿಸ್ಮಸ್ಸಿಗೆ ಇನ್ನೂ ಸ್ವಲ್ಪ ದಿನವಿತ್ತು. ಯುದ್ಧದಲ್ಲಲ್ಲ, ಬೇಟೆಯಲ್ಲೂ ಅಲ್ಲ. ಅಷ್ಟು ದೊಡ್ಡ ಬ್ಯಾರನ್ ವಾರಿನ್, ವೇಲ್ಸಿನವರ ಬಾಣ ಮೂರು ಸಲ ಮೈಗೆ ಹೊಕ್ಕರೂ ಜಗ್ಗದ ಮನುಷ್ಯ, ಒಂದು ನೆಗಡಿ ಎದೆಗಿಳಿದು ಹೋಗಿಬಿಟ್ಟರು. ಮಠದ ಚರ್ಚಿನ ಉತ್ತರದ ಗೋಡೆಯ ಬದಿಗೆ ಮಲಗಿಸಿದ್ದೇವೆ. ಅಲ್ಲಿ ಬಿಸಿಲು ಬೀಳುವುದಿಲ್ಲ. ಬೇರೆ ಕಡೆ ಇಡಿ ಎಂದು ನಾನು ಎಷ್ಟು ಹೇಳಿದರೂ ಸನ್ಯಾಸಿಗಳು ಕೇಳಲಿಲ್ಲ, ಬ್ಯಾರನ್ನುಗಳ ಜಾಗ ಅದೇ ಅಂತೆ.

ಈಗ ನಾನು ಕೋಟೆಯಲ್ಲಿಲ್ಲ, ಹೊಳೆದಂಡೆಯ ಮನೆಗೆ ಬಂದಿದ್ದೇನೆ. ನೀನು ಹುಟ್ಟಿದ ಮನೆ. ಕೋಟೆಯ ಹೊಗೆಗೆ ನನಗೆ ಕೆಮ್ಮು ಹತ್ತುತ್ತದೆಂದು ನಿಮ್ಮಪ್ಪ ಓಕ್ ಮರದಲ್ಲಿ ಕಟ್ಟಿಸಿದ್ದರಲ್ಲ, ಅದೇ. ನಾನು, ಗುನ್ನಿಲ್ಡ, ಒಂದು ಮುದಿ ಬೇಟೆನಾಯಿ. ನಾಯಿ ನಿಮ್ಮಪ್ಪನದು, ಅವರು ಹೋದ ಮೇಲೆ ನನ್ನ ಹಿಂದೆಯೇ ಬಂತು. ಅದು ನನ್ನ ಮೇಲಿನ ಪ್ರೀತಿ ಎಂದುಕೊಂಡಿದ್ದೆ, ನನ್ನ ಬಳಿಯಿರುವ ಅವರ ಹಳೆಯ ನಿಲುವಂಗಿಯ ವಾಸನೆಗೆ ಬಂದಿದೆ ಎಂದು ಆಮೇಲೆ ಗೊತ್ತಾಯಿತು. ಇರಲಿ, ನಾನೂ ಆ ನಿಲುವಂಗಿಗಾಗಿಯೇ ಇರುವವಳು. ಸಂಜೆ ಗಾಳಿ ಈ ಕಡೆ ಬೀಸಿದರೆ ಕೋಟೆಯ ಊಟದ ಗದ್ದಲ ಇಲ್ಲಿಗೆ ಕೇಳುತ್ತದೆ. ನಾನು ಹೆರದ ಮಗ, ಈಗಿನ ಒಡೆಯ, ನಿನ್ನಣ್ಣ ಇಲ್ಬರ್ಟನ ನಗು ನಿಮ್ಮಪ್ಪನ ನಗುವಿನಂತೆಯೇ ಇದೆ. ಕೇಳಿದಾಗ ಒಂದು ಕ್ಷಣ ಎದ್ದು ನಿಲ್ಲುತ್ತೇನೆ, ಆಮೇಲೆ ಕೂರುತ್ತೇನೆ. ಮಂಡಿಗೆ ಅದೂ ಒಂದು ಕೆಲಸ. ಸೆರ್ಲೊ, ಒಂದು ಮಾತು ಹೇಳಲೇ? ಈಗ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಒಬ್ಬರಿಗೆ ಅಮ್ಮಾವ್ರು, ಒಬ್ಬರಿಗೆ ಚಿಕ್ಕಮ್ಮ, ಮಕ್ಕಳಿಗೆ ಅಜ್ಜಿ. ಹವೀಸ್ ಎಂದು ಕರೆಯುತ್ತಿದ್ದ ಬಾಯಿ ಉತ್ತರದ ಗೋಡೆಯ ಬಳಿ ಮಣ್ಣಿನಲ್ಲಿದೆ. ಮೊನ್ನೆ ತೋಟದಲ್ಲಿ ಯಾರೂ ಇಲ್ಲದಾಗ ನಾನೇ ಒಮ್ಮೆ ಗಟ್ಟಿಯಾಗಿ ಕರೆದುಕೊಂಡೆ. ನಾಯಿ ತಲೆಯೆತ್ತಿ ನೋಡಿತು. ಪಾದ್ರಿಗಳು ಇದನ್ನು ಬರೆಯಬೇಕೇ ಎಂಬಂತೆ ನನ್ನ ಮುಖ ನೋಡುತ್ತಿದ್ದಾರೆ. ಬರೆಯಿರಿ ಎಂದೆ.

ಈಗ ವಿಷಯಕ್ಕೆ ಬರುತ್ತೇನೆ. ಹುಲ್ಲು ಕೊಯ್ಲಿನ ಮೊದಲ ದಿನ ಇಲ್ಬರ್ಟನ ಆಳುಗಳು ಕುಡುಗೋಲು ಹಿಡಿದು ನನ್ನ ಹೊಳೆಬಯಲಿಗೆ ಇಳಿದರು. ಪ್ರತಿ ವರ್ಷ ಕೊಯ್ದು ನನ್ನ ಕೊಟ್ಟಿಗೆಗೆ ಹಾಕುವವರು ಈ ಸಲ ಗಾಡಿಗಳನ್ನು ಕೋಟೆಯ ಕಡೆ ತಿರುಗಿಸಿದರು. ನಾನು ಕೋಲೂರಿಕೊಂಡು ಹೋಗಿ ಗಾಡಿಯ ಮುಂದೆ ನಿಂತೆ. ಆಳುಗಳು ಟೋಪಿ ತೆಗೆದು ತಲೆ ತಗ್ಗಿಸಿದರು, ಎತ್ತುಗಳು ನನ್ನ ಕೈ ಮೂಸಿದವು. ಅಷ್ಟರಲ್ಲಿ ಇಲ್ಬರ್ಟನೇ ಕುದುರೆಯ ಮೇಲೆ ಬಂದ. ಇಳಿದು, ನನ್ನ ಕೈಗೆ ಮುತ್ತಿಟ್ಟು, ಮರದ ನೆರಳಿಗೆ ಕರೆದುಕೊಂಡು ಹೋದ. ಅವನನ್ನು ಕೆಟ್ಟವನೆಂದು ನಾನು ಹೇಳಲಾರೆ. ಐದು ಹೆಣ್ಣುಮಕ್ಕಳ ತಂದೆ ಅವನು, ದೊಡ್ಡವಳು ಅಮೀಸಳಿಗೆ ಮದುವೆ ಗೊತ್ತಾಗಿದೆ. ಗಂಡಿನ ಕಡೆಯವರು ಮನೆಯೊಂದಿಗೆ ಹೊಳೆಬಯಲನ್ನೇ ಕೇಳಿದ್ದಾರೆ. "ಚಿಕ್ಕಮ್ಮ, ಅಪ್ಪ ನಿಮಗೆ ಕೊಟ್ಟಿದ್ದು ಬಯಲಿನ ಹುಲ್ಲು ಮಾತ್ರ, ಅದೂ ಅವರು ಬದುಕಿರೋವರೆಗೆ. ಮನೆ, ನೆಲ ಯಾವತ್ತೂ ಕೊಟ್ಟಿಲ್ಲ. ನಿಮಗೆ ಚರ್ಚಿನ ಬಾಗಿಲಲ್ಲಿ ಕೊಟ್ಟ ಗುಡ್ಡದ ಭೂಮಿ ಇದ್ಯಲ್ಲ" ಎಂದ. ಆ ಗುಡ್ಡ ನಿನಗೆ ಗೊತ್ತಲ್ಲ, ಮುಳ್ಳುಪೊದೆ ಬಿಟ್ಟರೆ ಅಲ್ಲಿ ಗಾಳಿಯೊಂದೇ ಬೆಳೆಯುವುದು. ಮದುವೆಯ ದಿನ ನಿಮ್ಮಪ್ಪ ವಿಧವೆಯ ಪಾಲೆಂದು ಅದನ್ನು ಕೊಟ್ಟು, ನೀನು ಹುಟ್ಟಿದ ಮೇಲೆ ತಾವೇ ನಾಚಿಕೊಂಡು, ಗುಡ್ಡವನ್ನು ಹಿಂದಕ್ಕೆ ತೆಗೆದುಕೊಂಡು ಬದಲಿಗೆ ಹೊಳೆದಂಡೆಯನ್ನು ಕೊಟ್ಟರು. ಕೊಟ್ಟದ್ದು ಮನೆ ಸಮೇತವೋ, ಬರೀ ಹುಲ್ಲೋ, ಇದೇ ಈಗಿನ ವ್ಯಾಜ್ಯ. ಬರುವ ವರ್ಷ ಈಸ್ಟರ್ ಮುಗಿದ ಮೇಲೆ ನಾಡಿನ ನ್ಯಾಯಸಭೆ ಕೂರುತ್ತದೆ. ನಾನು ಸೋತರೆ ಈ ಮನೆ ಬಿಡಬೇಕು. ಗುಡ್ಡದ ಮೇಲೆ ಮನೆಯಿಲ್ಲ. ದೂರದ ಸನ್ಯಾಸಿನಿಯರ ಮಠವೊಂದರಲ್ಲಿ ಇಲ್ಬರ್ಟ್ ನನಗಾಗಿ ಒಂದು ಕೋಣೆಯನ್ನೂ ಗೊತ್ತು ಮಾಡಿದ್ದಾನೆ. "ಬೆಚ್ಚಗಿರುತ್ತೆ ಚಿಕ್ಕಮ್ಮ, ಒಲೆಯಿದೆ" ಎಂದ. ಗುನ್ನಿಲ್ಡಳನ್ನು ಸೇರಿಸಿಕೊಳ್ಳುವುದಿಲ್ಲವಂತೆ, ನಾಯಿಯನ್ನಂತೂ ಕೇಳುವುದೇ ಬೇಡ.

ಬರಹದಲ್ಲಿ ಏನೂ ಇಲ್ಲ. ನಿಮ್ಮಪ್ಪನ ಹಟ ನಿನಗೆ ಗೊತ್ತು. ಬರೆಸಿಡಿ, ಮುದ್ರೆ ಒತ್ತಿಡಿ ಎಂದು ಆಗಿನ ಪಾದ್ರಿಗಳು ಹೇಳಿದಾಗ ನಕ್ಕುಬಿಟ್ಟಿದ್ದರು. "ಕುರಿ ಚರ್ಮಾನ ಇಲಿ ತಿನ್ನುತ್ತೆ. ಹುಡುಗನ ಕೆನ್ನೇನ ಇಲಿ ತಿನ್ನುತ್ತಾ?" ಎಂದಿದ್ದರು. ಹೌದು ಸೆರ್ಲೊ, ನಿನ್ನ ಕೆನ್ನೆ. ಆ ದಿನದ ಆ ಏಟಿನ ಬಗ್ಗೆ ನಾನು ನಿನಗೆ ಹೇಳಬೇಕು. ಇಷ್ಟು ವರ್ಷ ಅದು ನಿನಗೆ ಗೊತ್ತಿದೆ ಎಂದೇ ತಿಳಿದಿದ್ದೆ. ನಿನಗೆ ಗೊತ್ತಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಈ ಬೇಸಿಗೆಯಲ್ಲಿ.

ಗೊತ್ತಾದದ್ದು ಹೀಗೆ. ಇಲ್ಬರ್ಟ್ ಮಠದವರಿಗೆ ಕಾಡಿನ ಒಂದು ಮೂಲೆಯನ್ನು ದಾನ ಕೊಟ್ಟ. ವಾಡಿಕೆಯಂತೆ ನೆಲ ಕೊಟ್ಟ ಗುರುತಿಗೆ ಹುಲ್ಲುಹೆಂಟೆಯನ್ನೂ ಚಾಕುವನ್ನೂ ಬಲಿಪೀಠದ ಮೇಲಿಟ್ಟ, ವಾಡಿಕೆಯಂತೆ ತನ್ನ ಚಿಕ್ಕ ಮಗ ಫುಲ್ಕೊನನ್ನು ಮುಂದೆ ನಿಲ್ಲಿಸಿ ಕೆನ್ನೆಗೆ ಒಂದು ಬಿಟ್ಟ. ದೊಡ್ಡವರೆಲ್ಲ ಸತ್ತ ಮೇಲೂ ಬದುಕಿರುವವನು ಮಗು ತಾನೇ? ಏಟು ತಿಂದ ಮಗು ಆ ದಿನವನ್ನು ಮರೆಯುವುದಿಲ್ಲ, ಏಟಿನ ಜೊತೆ ಆಡಿದ ಮಾತೂ ಉಳಿಯುತ್ತದೆ, ನಾಳೆ ಯಾರಾದರೂ ಇಲ್ಲವೆಂದರೆ ಎದ್ದು ನಿಂತು ಹೌದೆನ್ನುತ್ತದೆ. ನಮ್ಮಲ್ಲಿ ಇದು ಎಷ್ಟು ಸಾಧಾರಣವೆಂದರೆ ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ತಮ್ಮಂದಿರೂ ತಿಂದಿದ್ದಾರೆ, ನಿಮ್ಮಪ್ಪನೂ ತಿಂದಿದ್ದಾರೆ, ನಿಮ್ಮಪ್ಪನಿಗೆ ಸಿಕ್ಕ ಏಟಿನ ಮೇಲೆ ಒಂದು ಗಿರಣಿ ಇವತ್ತಿಗೂ ನಿಂತಿದೆ. ಫುಲ್ಕೊ ಮಾತ್ರ ಸೀದಾ ನನ್ನ ಹತ್ತಿರ ಓಡಿ ಬಂದು ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿದ. "ಅಜ್ಜಿ, ನಾನೇನ್ ತಪ್ಪು ಮಾಡ್ದೆ? ನಾನೇನೂ ಮಾಡ್ಲಿಲ್ಲ ಅಜ್ಜಿ" ಎಂದ. ತಪ್ಪಲ್ಲ ಕಂದಾ, ನಿನ್ನನ್ನು ನಂಬಿದ್ದಕ್ಕೆ ಹೊಡೆದರು ಎಂದು ಹೇಳಲು ಬಾಯಿ ತೆರೆದೆ. ಈ ಮಾತನ್ನು ನಾನು ಇನ್ನೊಬ್ಬ ಹುಡುಗನಿಗೆ ಹೇಳಲೇ ಇಲ್ಲವಲ್ಲ ಎಂದು ಆಗ ಹೊಳೆಯಿತು. ನಾನು ಅಲ್ಲೇ ಅತ್ತುಬಿಟ್ಟೆ. ಫುಲ್ಕೊ ತನ್ನ ಅಳು ನಿಲ್ಲಿಸಿ ನನ್ನನ್ನು ಸಮಾಧಾನ ಮಾಡಿದ.

ನೀನು ಆಗ ಅವನಷ್ಟೇ ಇದ್ದೆ, ಇನ್ನೂ ಹಾಲುಹಲ್ಲು. ವೇಲ್ಸಿನ ಯುದ್ಧಕ್ಕೆ ಹೊರಡುವ ಹಿಂದಿನ ದಿನ ನಿಮ್ಮಪ್ಪ ಹೊಳೆದಂಡೆಯನ್ನು ನನಗೆ ಕೊಡಲೆಂದು ನಮ್ಮೆಲ್ಲರನ್ನೂ ಹಳ್ಳಿಯ ಚರ್ಚಿಗೆ ಕರೆದೊಯ್ದರು. ಕೋಟೆಯ ಕಾವಲಿನ ಮುಖ್ಯಸ್ಥ ಬಂದಿದ್ದ, ಇನ್ನೊಬ್ಬ ಸಾಕ್ಷಿಯಾಗಲೆಂದು ಗಿರಣಿಯವನ ಪುಟ್ಟ ಮಗ ಎಡ್ರಿಕ್ ಬಂದಿದ್ದ, ಬಾಗಿಲ ಬಳಿ ನಿಂತು ಗುನ್ನಿಲ್ಡ ಇಣುಕುತ್ತಿದ್ದಳು. ಇಲ್ಬರ್ಟ್ ಆಗಲೇ ಮೀಸೆ ಬರುವ ಹುಡುಗ, ಕೈಮೇಲೆ ಹೊಸ ಗಿಡುಗ ಕೂರಿಸಿಕೊಂಡು ಅದರ ಮುಖವನ್ನೇ ನೋಡುತ್ತಿದ್ದ. ಯಾರಿಗೆ ಹೊಡೆಯಬೇಕೆಂದು ಹಿಂದಿನ ರಾತ್ರಿಯೇ ನಿಮ್ಮಪ್ಪ ನನ್ನ ಬಳಿ ಹೇಳಿದ್ದರು. "ಇಲ್ಬರ್ಟ್ ಒಡೆಯ ಆಗೋನು. ಒಡೆಯನ ನೆನಪು ಬೇಕಾದ ಕಡೆ ತಿರುಗುತ್ತೆ ಕಣೆ. ಸೆರ್ಲೊಗೆ ಹೊಡೀತೀನಿ, ಅವನು ಸುಳ್ಳು ಹೇಳೋ ಹುಡುಗ ಅಲ್ಲ" ಎಂದಿದ್ದರು. ಏಟಿನ ಬೆನ್ನಿಗೇ ಮಗುವಿಗೆ ಏನಾದರೂ ತಿನ್ನಲು ಕೊಟ್ಟು, ಯಾಕೆ ಹೊಡೆದೆ ಎಂದು ಕಿವಿಯಲ್ಲಿ ಹೇಳುವುದೂ ವಾಡಿಕೆಯೇ, ಅದನ್ನು ಹೊಡೆದವರೇ ಮಾಡಬೇಕು. ನಾನು ಜೇನು ಹಾಕಿ ಒಂದು ರೊಟ್ಟಿ ಮಾಡಿ, ಬಟ್ಟೆಯಲ್ಲಿ ಸುತ್ತಿ, ಅವರ ಸೊಂಟದ ಚೀಲದಲ್ಲಿಟ್ಟಿದ್ದೆ. ಆದರೆ ಅವರ ಕೈ ಎಂಥದ್ದು ಎಂದು ಮರೆತಿದ್ದೆ. ಮೊದಲು ಎಡ್ರಿಕ್‌ಗೆ ಬಿತ್ತು, ಆಮೇಲೆ ನಿನಗೆ. ನೀನು ಕಲ್ಲುನೆಲದ ಮೇಲೆ ಬಿದ್ದೆ. ಎದ್ದೆ. ಅಳಲಿಲ್ಲ. ಆಮೇಲೆ ನಿಮ್ಮಪ್ಪ ಚಾಕುವಿನ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಆ ಮಾತು ಹೇಳಿದರು. ಮಾತು ಮುಗಿದದ್ದೇ ನಾನು ನಿನ್ನನ್ನು ಎತ್ತಿಕೊಂಡು ಹೊರಟುಬಿಟ್ಟೆ. "ಏ ಹವೀಸ್, ತಡಿ, ಅವನಿಗೆ ಕೊಡೋದಿದೆ" ಎಂದು ಅವರು ಹಿಂದಿನಿಂದ ಕೂಗಿದರು. ನಾನು ತಿರುಗಿಯೂ ನೋಡಲಿಲ್ಲ. ಬೆಳಗಾದರೆ ಅವರು ಯುದ್ಧಕ್ಕೆ ಹೋದರು, ತಿರುಗಿ ಬರುವ ಹೊತ್ತಿಗೆ ನೀನು ಉದ್ದವಾಗಿದ್ದೆ, ಅವರನ್ನು ಕಂಡರೆ ಕಂಬದ ಹಿಂದೆ ನಿಲ್ಲುತ್ತಿದ್ದೆ. ಅಪ್ಪನ ಗಡ್ಡಕ್ಕೆ ಹೆದರುತ್ತಾನೆ ಎಂದು ನಾವೆಲ್ಲ ನಕ್ಕೆವು.

ನೀನು ಮನೆ ಬಿಟ್ಟ ಆ ಕ್ರಿಸ್ಮಸ್ ಊಟ ನೆನಪಿದೆಯಲ್ಲ. ದಕ್ಷಿಣಕ್ಕೆ ಹೋಗುತ್ತೇನೆ ಎಂದೆ, ಹೋಗು ಎಂದರು ಅವರು. ನೀನು ತುಂಬಿದ ಸಭೆಯ ನಡುವೆ ಎದ್ದು ನಿಂತು, "ಅಪ್ಪಾ, ನೀವು ನನ್ನ ಮುಟ್ಟಿದ್ದು ಒಂದೇ ಸಲ. ಅದೂ ಕೆನ್ನೆಗೆ ಬಾರಿಸೋಕೆ" ಎಂದೆ. ಎಲ್ಲರೂ ಮೇಜು ಬಡಿದು ನಕ್ಕರು. ಅಲ್ಲಿದ್ದ ಪ್ರತಿಯೊಬ್ಬ ಗಂಡಸೂ ಅಂಥದ್ದೊಂದು ಏಟು ತಿಂದವನೇ, ನೀನು ಒಳ್ಳೆಯ ತಮಾಷೆ ಮಾಡಿದೆ ಎಂದುಕೊಂಡರು. ನಿಮ್ಮಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ದೇವರು ಕ್ಷಮಿಸಲಿ, ನಾನೂ ನಕ್ಕೆ. ನೀನು ನಗಲಿಲ್ಲ. ಎರಡನೆಯ ಹೆಂಡತಿಯ ಮಗನೆಂದು ತಾತ್ಸಾರ ಮಾಡಿ ಹೊಡೆದರು ಎಂದು ಅಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದೆಯಾ? ಈ ಬೇಸಿಗೆಯಿಂದ ನಾನು ಇದೊಂದನ್ನೇ ಯೋಚಿಸುತ್ತಿದ್ದೇನೆ. ನೂಲುವಾಗ, ಉಣ್ಣುವಾಗ, ಚರ್ಚಿನಲ್ಲಿ. ನಗುತ್ತಿದ್ದ ಅಷ್ಟು ಜನರ ನಡುವೆ ನೀನು ಒಬ್ಬನೇ ನಿಂತಿದ್ದ ಮುಖ ಕಣ್ಣ ಮುಂದಿನಿಂದ ಹೋಗುವುದೇ ಇಲ್ಲ.

ನಿಮ್ಮಪ್ಪ ಕೊನೆಯ ವಾರ ಹಾಸಿಗೆಯಲ್ಲಿ ನಿನ್ನ ಮಾತನ್ನೇ ಆಡುತ್ತಿದ್ದರು, ಇದನ್ನು ನಾನು ಪ್ರಮಾಣ ಮಾಡಿ ಹೇಳುತ್ತೇನೆ. ನೀವು ಹೋದ ಮೇಲೆ ನನಗೆ ಯಾರು ದಿಕ್ಕು ಎಂದು ಕೇಳಿದೆ. "ಸೆರ್ಲೊ ಇದ್ದಾನಲ್ಲ. ಅವನಿಗೆ ಹೊಡೆದಿದೀನಿ" ಎಂದರು, ಅಷ್ಟು ನಿಶ್ಚಿಂತೆಯಾಗಿ. ಸ್ವಲ್ಪ ಹೊತ್ತು ಬಿಟ್ಟು ತಾವಾಗಿಯೇ, "ಆ ರೊಟ್ಟಿ ದಾರೀಲಿ ನಾನೇ ತಿಂದುಬಿಟ್ಟೆ ಕಣೆ, ಹಸಿವಾಗಿತ್ತು" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಯಾವ ರೊಟ್ಟಿ ಎಂದು ನನಗೆ ಆಗ ಹೊಳೆಯಲಿಲ್ಲ. ಜ್ವರದ ಮಾತು ಎಂದುಕೊಂಡೆ.

ಈಗ ನಿನಗೆ ಅರ್ಥವಾಗಿರಬೇಕು. ಆ ದಿನ ಚರ್ಚಿನಲ್ಲಿದ್ದವರಲ್ಲಿ ಹಳೆಯ ಪಾದ್ರಿಗಳು ತೀರಿಹೋದರು. ಕಾವಲಿನ ಮುಖ್ಯಸ್ಥ ಅದೇ ಯುದ್ಧದಲ್ಲಿ ಸತ್ತ. ಎಡ್ರಿಕ್ ಮದುವೆಯ ವಯಸ್ಸಿಗೆ ಬರುವ ಮೊದಲೇ ಕಫದ ಬೇನೆಯಲ್ಲಿ ಹೋದ. ಗುನ್ನಿಲ್ಡ ಇದ್ದಾಳೆ, ಆದರೆ ಈ ನೆಲದವಳಾದ ಅವಳಿಗೆ ಆಗ ನಮ್ಮ ನಾರ್ಮನ್ ಭಾಷೆಯ ಒಂದಕ್ಷರ ಬರುತ್ತಿರಲಿಲ್ಲ. ಕೇಳಿದರೆ, "ಅಮ್ಮಾವ್ರೇ, ದೊರೆಗಳು ಏನೋ ಗುಂಯ್ ಗುಂಯ್ ಅಂದ್ರು, ನಾನು ಮಗೂನ್ನೇ ನೋಡ್ತಿದ್ದೆ" ಎನ್ನುತ್ತಾಳೆ. ನನ್ನ ಮಾತು ನಡೆಯುವುದಿಲ್ಲ, ನ್ಯಾಯ ಕೇಳಿ ಹೋದವಳು ನಾನೇ. ಇನ್ನು ಇಲ್ಬರ್ಟ್. ನೀನೂ ಅಲ್ಲೇ ಇದ್ದೆಯಲ್ಲಪ್ಪಾ, ನಿಮ್ಮಪ್ಪ ಏನಂದರೆಂದು ನಿನ್ನ ಕಿವಿಗೇ ಬಿದ್ದಿರಬೇಕಲ್ಲ ಎಂದು ಬಯಲಿನಲ್ಲಿ ಕೇಳಿದೆ. "ನನಗ್ಯಾರೂ ಹೊಡೀಲಿಲ್ವಲ್ಲ ಚಿಕ್ಕಮ್ಮ, ನನಗೆಲ್ಲಿಂದ ನೆನಪಿರುತ್ತೆ? ಹುಲ್ಲು ಅಂತ ಯಾರೋ ಆಮೇಲೆ ಹೇಳಿದ್ದು" ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ, ಪೂರ್ತಿ ಪ್ರಾಮಾಣಿಕವಾಗಿಯೇ ಹೇಳಿದ. ಆಮೇಲೆ ಗಾಡಿಯ ಹುಲ್ಲಿಗೆ ಒರಗಿ ನಿಂತು ಇನ್ನೊಂದು ಮಾತೂ ಹೇಳಿದ. "ಸೆರ್ಲೊನ ಕರೆಸಿ. ಅವನು ಸಂತರ ಎಲುಬಿನ ಮೇಲೆ ಕೈಯಿಟ್ಟು ಏನ್ ಹೇಳಿದ್ರೂ ನಾನು ಒಪ್ಕೋತೀನಿ. ಮನೆ ಅಂದ್ರೆ ಮನೆ, ಹುಲ್ಲು ಅಂದ್ರೆ ಹುಲ್ಲು. ನನ್ನ ತಮ್ಮ ಸುಳ್ಳು ಹೇಳಲ್ಲ" ಎಂದ. ಅಪ್ಪನೂ ಅದೇ ಮಾತು ಹೇಳಿದ್ದರಲ್ಲ ಎಂದು ನನಗೆ ಎದೆ ತುಂಬಿ ಬಂತು. ಇಷ್ಟು ದೊಡ್ಡ ಕೋಟೆಯಲ್ಲಿ, ಇಷ್ಟು ಜನರಲ್ಲಿ, ಎಲ್ಲರೂ ನಂಬುವುದು ಇಲ್ಲಿಲ್ಲದ ನಿನ್ನೊಬ್ಬನನ್ನೇ.

ಆದ್ದರಿಂದ ಬರಬೇಕು. ಈ ಪತ್ರ ತರುವ ಸಹೋದರ ಪಿಕೊ ಮಠದ ಕೆಲಸಕ್ಕೆ ರೋಮಿಗೆ ಹೋಗುತ್ತಿದ್ದಾರೆ, ಅಲ್ಲಿಂದ ನಿನ್ನವರೆಗೆ ಯಾರ ಕೈಯಲ್ಲಾದರೂ ಮುಟ್ಟಿಸುತ್ತೇನೆಂದು ಮಾತು ಕೊಟ್ಟಿದ್ದಾರೆ. ಚಳಿಗಾಲಕ್ಕೆ ಮುಂಚೆ ಬೆಟ್ಟ ದಾಟಿದರೆ ಕ್ಷೇಮ, ತಡವಾದರೆ ಸಮುದ್ರದ ದಾರಿ ಹಿಡಿ, ಆದರೆ ಮಾರ್ಚ್ ತಿಂಗಳ ಗಾಳಿಯಲ್ಲಿ ನಾರ್ಮಂಡಿಗೂ ನಮಗೂ ನಡುವಿನ ಕಡಲು ದಾಟುವ ಸಾಹಸ ಬೇಡ. ಹೆಂಡತಿಯನ್ನೂ ಮಗುವನ್ನೂ ಕರೆದುಕೊಂಡು ಬಂದರೆ ಜಾಗವಿದೆ, ನ್ಯಾಯ ತೀರುವವರೆಗಂತೂ ಇದೆ. ಆ ದಿನ ನಿಮ್ಮಪ್ಪ ಆಡಿದ ಮಾತು ಯಾವುದೆಂದು ನಾನು ಇಲ್ಲಿ ಬರೆಸುವುದಿಲ್ಲ. ಹೇಳಿಕೊಟ್ಟ ಸಾಕ್ಷಿ ಸಾಕ್ಷಿಯಲ್ಲ, ಅದು ನಿನ್ನ ಆತ್ಮಕ್ಕೂ ನನ್ನ ಆತ್ಮಕ್ಕೂ ಒಳ್ಳೆಯದಲ್ಲ. ಪಾದ್ರಿಗಳು ಈ ಮಾತಿಗೆ ತಲೆಯಾಡಿಸುತ್ತಿದ್ದಾರೆ, ಇಡೀ ಪತ್ರದಲ್ಲಿ ಅವರಿಗೆ ಹಿಡಿಸಿದ್ದು ಇದೊಂದೇ ಇರಬೇಕು. ನೀನು ಬಂದು ನಿನ್ನ ಬಾಯಿಂದ ಹೇಳು. ನಿನ್ನ ಕೆನ್ನೆಗೆ ಏನು ಗೊತ್ತೋ ಅದನ್ನು ಹೇಳು.

ಅಮೀಸಳ ಮೇಲೆ ನನಗೆ ಸಿಟ್ಟಿಲ್ಲ ಎಂಬುದನ್ನೂ ತಿಳಿಸುತ್ತೇನೆ. ಒಳ್ಳೆಯ ಹುಡುಗಿ. ವಾರಕ್ಕೊಮ್ಮೆ ಮೊಟ್ಟೆ ಹಿಡಿದುಕೊಂಡು ಬರುತ್ತಾಳೆ, ಬಂದಾಗಲೆಲ್ಲ ಗೋಡೆಗಳನ್ನು ನೋಡುತ್ತಾಳೆ, ನೋಡಿದ್ದು ನನಗೆ ಕಂಡಿತೆಂದು ನಾಚಿಕೊಳ್ಳುತ್ತಾಳೆ. ಮೊನ್ನೆ, "ಅಜ್ಜಿ, ಈ ಕಿಟಕಿ ಹತ್ರ ತೊಟ್ಟಿಲು ಇಟ್ರೆ ಗಾಳಿ ಬಡಿಯುತ್ತಾ?" ಎಂದು ಬಾಯಿತಪ್ಪಿ ಕೇಳಿ ಕೆಂಪಾದಳು. ಬಡಿಯುವುದಿಲ್ಲ ಎಂದೆ. ನಿನ್ನ ತೊಟ್ಟಿಲು ಅಲ್ಲೇ ಇತ್ತು.

ಗುನ್ನಿಲ್ಡ ನಿನಗೆ ಹೇಳಿಕಳಿಸಿದ್ದು: ಉಣ್ಣೆಯ ಒಳಅಂಗಿ ಬಿಡಬೇಡ, ಆ ದೇಶದ ಎಣ್ಣೆಯಲ್ಲಿ ಕರಿದದ್ದನ್ನು ಜಾಸ್ತಿ ತಿನ್ನಬೇಡ. ಫುಲ್ಕೊ ತನ್ನ ಚಿಕ್ಕಪ್ಪ ಬರುವಾಗ ಕೋತಿ ತರಬೇಕೆಂದು ಕೇಳಿದ್ದಾನೆ. ಪಾದ್ರಿ ಓಸ್ಬರ್ನರು ನಿನ್ನನ್ನು ಪ್ರಾರ್ಥನೆಯಲ್ಲಿ ನೆನೆಯುತ್ತಾರೆ. ನಿನ್ನ ಮನೆಯವಳ ಹೆಸರು ಗೊತ್ತಿಲ್ಲ, ಆದರೂ ಅವಳ ತಲೆಯ ಮೇಲೆ ನನ್ನ ಕೈಯಿದೆ ಎಂದು ತಿಳಿಸು. ಮಗುವಿಗೆ ಎರಡೂ ಕೆನ್ನೆಗೆ ಮುತ್ತು ಕೊಡು, ಅಜ್ಜಿಯದು ಎಂದು ಹೇಳಿ ಕೊಡು. ದೇವರೂ ದೇವಮಾತೆಯೂ ನೀನು ಹತ್ತುವ ಕುದುರೆಯನ್ನೂ ಏರುವ ದೋಣಿಯನ್ನೂ ಕಾಯಲಿ.

ನಿನ್ನ ದಾರಿ ಕಾಯುತ್ತಿರುವ ತಾಯಿ,
ಹವೀಸ್

ಮತ್ತೆ: ಪಾದ್ರಿಗಳು ಅರಗು ಕಾಯಿಸಲು ಒಳಗೆ ಹೋಗಿದ್ದಾರೆ. ಇದು ನನ್ನದೇ ಕೈಬರಹ, ಸೊಟ್ಟ, ಬಯ್ಯಬೇಡ. ಮಾತು ಬರೆಸದೆ ಬಿಟ್ಟದ್ದು ಆತ್ಮಕ್ಕಾಗಿ ಅಲ್ಲ. ನನಗೆ ಗೊತ್ತಿಲ್ಲ ಸೆರ್ಲೊ. ನಿಮ್ಮಪ್ಪ ಮಾತಾಡುವಾಗ ನಾನು ನಿನ್ನ ಕೆನ್ನೆಯನ್ನೇ ನೋಡುತ್ತಿದ್ದೆ. ಐದು ಬೆರಳೂ ಮೂಡುತ್ತಿದ್ದವು. ಒಂದು ಮಾತೂ ಕಿವಿಗೆ ಬೀಳಲಿಲ್ಲ. ಮನೆಯೋ ಹುಲ್ಲೋ ಇವತ್ತಿಗೂ ತಿಳಿಯದು. ನಿನಗೂ ಏಟು ಮಾತ್ರ ನೆನಪಿದ್ದರೆ ಹಾಗೆಂದೇ ಹೇಳು, ಮನೆ ಅಮೀಸಳಿಗೆ ಹೋಗಲಿ. ಸಾಕ್ಷಿ ಹೇಳಲೆಂದು ಬರಬೇಡ. ಸುಮ್ಮನೆ ಬಾ. ಜೇನುರೊಟ್ಟಿ ಮಾಡುತ್ತೇನೆ, ಈ ಸಲ ನಾನೇ ಕೈಯಾರೆ ಕೊಡುತ್ತೇನೆ.